ಮೂರು ಸ್ವರವೋ, ಐದೋ? ಕುಸ್ಕೊ ಕೆಚುವಾ ಭಾಷೆಯ ಧ್ವನಿಗಳು

(ಭಾಷೆಗಳ ಬಗ್ಗೆ ಆಸಕ್ತಿ ಇರುವವರ ಕೂಟವೊಂದರಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಬಾಯಲ್ಲಿ ಮಾಡಿ ತೋರಿಸಿದ್ದನ್ನು ಅಕ್ಷರದಲ್ಲಿ ತರುವುದು ಕಷ್ಟ. ಆದಷ್ಟು ತಂದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶುರುವಿಗೇ ಒಂದು ಸಣ್ಣ ಕಸರತ್ತು ಮಾಡೋಣ. "ಕ" ಅನ್ನಿ. ನಾಲಿಗೆಯ ಹಿಂಭಾಗ ಮೇಲೆ ಎಲ್ಲಿ ತಾಗಿತು ಅಂತ ಗಮನಿಸಿ. ಈಗ ಅದೇ "ಕ"ವನ್ನು ಇನ್ನೂ ಹಿಂದಕ್ಕೆ ತಳ್ಳಿ, ಕಿರುನಾಲಿಗೆ ನೇತಾಡುವ ಜಾಗಕ್ಕೆ. ಗಂಟಲೊಳಗಿಂದ ಬಂದ ಹಾಗೆ ಕೇಳುತ್ತದೆ, ಅಲ್ವಾ? ಉರ್ದು ಓದಿದವರಿಗೆ ಇದು ಹೊಸದಲ್ಲ. ಕಲಂ ಅನ್ನುವ ಪದದ ಮೊದಲ ಅಕ್ಷರವನ್ನು ಲಖನೌ ಕಡೆಯವರು ಹೀಗೇ ಹೇಳುತ್ತಾರೆ. ನಮ್ಮ ದಖನಿ ಮಾತಾಡುವವರು ಅದನ್ನು ಉಜ್ಜಿ "ಖ" ತರಹ ಮಾಡಿಬಿಟ್ಟಿದ್ದಾರೆ. ಈ ವಿಷಯ ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಇವತ್ತು ನಾನು ಮಾತಾಡುವುದು ಪೆರು ದೇಶದ ಕುಸ್ಕೊ ಭಾಗದ ಕೆಚುವಾ ಬಗ್ಗೆ. ಕೆಚುವಾ ಅಂದರೆ ಒಂದೇ ಭಾಷೆ ಅನ್ನುವುದಕ್ಕಿಂತ ಒಂದು ಭಾಷಾ ಕುಟುಂಬ ಅನ್ನುವುದು ಸರಿ. ಕೊಲಂಬಿಯಾದ ದಕ್ಷಿಣದಿಂದ ಹಿಡಿದು ಈಕ್ವೆಡಾರ್, ಪೆರು, ಬೊಲಿವಿಯಾ ದಾಟಿ ಅರ್ಜೆಂಟೀನಾದ ಸಾಂಟಿಯಾಗೊ ದೆಲ್ ಎಸ್ತೆರೊವರೆಗೆ ಅದರ ಬೇರೆ ಬೇರೆ ರೂಪಗಳು ಹರಡಿಕೊಂಡಿವೆ. ಪೆರು ಒಂದರಲ್ಲೇ 2017ರ ಜನಗಣತಿಯಲ್ಲಿ 37 ಲಕ್ಷಕ್ಕೂ ಹೆಚ್ಚು ಜನ ಇದೇ ನಮ್ಮ ತಾಯಿನುಡಿ ಅಂದಿದ್ದಾರೆ. ಇಂಕಾ ಅರಸರ ರಾಜಧಾನಿ ಕುಸ್ಕೊ ಆಗಿದ್ದರಿಂದ, ಭಾಷೆ ಹುಟ್ಟಿದ್ದೂ ಅಲ್ಲೇ ಅಂತ ತುಂಬಾ ಜನ ನಂಬಿದ್ದರು. 1960ರ ದಶಕದ ಶುರುವಿನಲ್ಲಿ ಆಲ್ಫ್ರೆದೊ ತೊರೆರೊ ಮತ್ತು ಗ್ಯಾರಿ ಪಾರ್ಕರ್ ಅನ್ನುವ ಇಬ್ಬರು ವಿದ್ವಾಂಸರು ಬೇರೆ ಬೇರೆಯಾಗಿ ಕೆಲಸ ಮಾಡಿ, ಉಪಭಾಷೆಗಳನ್ನು ಹೋಲಿಸಿ, ಬೇರು ಮಧ್ಯ ಪೆರುವಿನ ಕಡೆ ಇದೆ ಅಂತ ತೋರಿಸಿದರು. ಕುಸ್ಕೊದವರಿಗೆ ಇದು ಅಷ್ಟೇನೂ ಹಿಡಿಸಿದ ಮಾತಲ್ಲ.

ಧ್ವನಿಗಳಿಗೆ ಬರೋಣ. ನಮ್ಮ ವರ್ಗಾಕ್ಷರದ ಪಟ್ಟಿ ಇದೆಯಲ್ಲ, ಅದರಲ್ಲೇ ಕುಸ್ಕೊ ಕೆಚುವಾವನ್ನು ಕೂರಿಸಬಹುದು. ಮೊದಲು ಟವರ್ಗ ತೆಗೆದುಹಾಕಿ. ಆಮೇಲೆ ಗ, ಜ, ದ, ಬ ಇರುವ ಸಾಲನ್ನೂ, ಘ, ಝ, ಧ, ಭ ಇರುವ ಸಾಲನ್ನೂ ತೆಗೆಯಿರಿ. ಅವು ಈ ಭಾಷೆಯ ಸ್ವಂತ ಪದಗಳಲ್ಲಿ ಇಲ್ಲ. ಉಳಿದದ್ದು ಕ, ಚ, ತ, ಪ ಮತ್ತು ಅವುಗಳ ಮಹಾಪ್ರಾಣ. ನಮ್ಮ ಪಟ್ಟಿ ಗಂಟಲಿಂದ ತುಟಿಯ ಕಡೆಗೆ ಬರುತ್ತದೆ. ಹಾಗಾಗಿ ಈಗ ತಾನೇ ಅಭ್ಯಾಸ ಮಾಡಿದ ಗಂಟಲ "ಕ"ಕ್ಕೆ ಕವರ್ಗಕ್ಕೂ ಮೊದಲೇ ಒಂದು ಹೊಸ ವರ್ಗ ಬೇಕು. ಅದನ್ನು ನಾನು ಕ಼ ಅಂತ ಬರೆಯುತ್ತೇನೆ. ಫ಼, ಜ಼ ಬರೆಯುವಾಗ ಅಡಿಯಲ್ಲಿ ಚುಕ್ಕಿ ಹಾಕುತ್ತೇವಲ್ಲ, ಹಾಗೆ.

ಇಲ್ಲಿಗೆ ಐದು ಜಾಗ, ಎರಡು ಬಗೆ. ಮೂರನೇ ಬಗೆಯೇ ಮಜಾ ಇರುವುದು. ಅದಕ್ಕೆ ಸಿಡಿಧ್ವನಿ ಅನ್ನೋಣ. ಭಾರ ಎತ್ತುವಾಗ ಗಂಟಲು ತಾನಾಗಿ ಬಿಗಿದುಕೊಳ್ಳುತ್ತದಲ್ಲ, ಹಾಗೆ ಗಂಟಲು ಮುಚ್ಚಿ. ಅದೇ ಹೊತ್ತಿಗೆ ನಾಲಿಗೆಯನ್ನು "ತ" ಅನ್ನುವ ಜಾಗದಲ್ಲಿ ಒತ್ತಿ. ಈಗ ಗಂಟಲ ಗೋಲಿಯನ್ನು ಮೇಲಕ್ಕೆ ಎತ್ತಿದರೆ ಮಧ್ಯೆ ಸಿಕ್ಕಿಕೊಂಡ ಗಾಳಿ ಒತ್ತಡಕ್ಕೆ ಬರುತ್ತದೆ. ನಾಲಿಗೆ ಬಿಟ್ಟ ತಕ್ಷಣ "ತ್" ಅಂತ ಸಿಡಿಯುತ್ತದೆ. ಶ್ವಾಸಕೋಶದ ಗಾಳಿಗೆ ಇದರಲ್ಲಿ ಪಾಲೇ ಇಲ್ಲ. ಸರಿಯಾಗಿ ಬಂತೋ ಇಲ್ಲವೋ ಅಂತ ನೋಡಬೇಕಾದರೆ ಉಸಿರನ್ನೆಲ್ಲ ಹೊರಗೆ ಬಿಟ್ಟು, ಮತ್ತೆ ಎಳೆದುಕೊಳ್ಳದೆ ಹೇಳಿ. ಆಗಲೂ ಬಂದರೆ ನಿಮಗೆ ಬಂತು ಅಂತ ಅರ್ಥ. (ಸಭೆಯಲ್ಲಿ ಒಂದೆರಡು ನಿಮಿಷ ಬರೀ ಟಕ್ ಟಕ್ ಸದ್ದು. ಮಕ್ಕಳಿಗೆ ದೊಡ್ಡವರಿಗಿಂತ ಬೇಗ ಬಂತು.)

ಸಿಡಿಧ್ವನಿಗೆ ಅಕ್ಷರದ ಹಿಂದೆ ಒಂದು ಸಣ್ಣ ಗೀಟು ಹಾಕುತ್ತೇನೆ. ಈಗ ಮೂರು ಪದ ಕೇಳಿ. ತಂತ ಅಂದರೆ ಗುಂಪು, ಒಟ್ಟು ಸೇರಿದ್ದು. ಥಂತ ಅಂದರೆ ಹಳೆಯದಾಗಿ ಹರಿದು ಚಿಂದಿಯಾದದ್ದು. ’ತಂತ ಅಂದರೆ ಬ್ರೆಡ್ಡು. ಕುಸ್ಕೊದ ಅಂಗಡಿಯಲ್ಲಿ ಗಂಟಲು ಬಿಗಿಯದೆ ಕೇಳಿದರೆ ನೀವು ಏನು ಕೇಳುತ್ತಿದ್ದೀರಿ ಅನ್ನುವುದನ್ನು ಅಂಗಡಿಯವರು ಊಹಿಸಬೇಕು. ಐದು ಜಾಗ, ಮೂರು ಬಗೆ, ಒಟ್ಟು 15 ಧ್ವನಿ. ಇದರ ಜೊತೆಗೆ ಸ, ಹ, ಮ, ನ, ಞ, ಲ, ಲ್ಯ, ರ, ವ, ಯ. ನಮ್ಮ ವರ್ಣಮಾಲೆಯಲ್ಲಿ ಹೆಚ್ಚು ಕೆಲಸವಿಲ್ಲದೆ ಕೂತಿರುವ ಞಕಾರಕ್ಕೆ ಅಲ್ಲಿ ಕೈತುಂಬ ಕೆಲಸ. ಞವಿ ಅಂದರೆ ಕಣ್ಣು, ಞುಕ಼ ಅಂದರೆ ನಾನು, ಞನ್ ಅಂದರೆ ದಾರಿ. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಇಂಕಾ ಹೆದ್ದಾರಿಯ ಹೆಸರಿನಲ್ಲಿರುವುದು ಇದೇ ಞನ್.

ಸಿಡಿಧ್ವನಿಗೆ ಕಟ್ಟುನಿಟ್ಟಿನ ನಿಯಮಗಳಿವೆ. ಒಂದು ಪದದ ಬೇರಿನಲ್ಲಿ ಒಂದೇ ಒಂದು ಇರಬಹುದು. ಅದೂ ಪದದಲ್ಲಿ ಮೊದಲು ಬರುವ ಸ್ಪರ್ಶಾಕ್ಷರದ (ಕ಼, ಕ, ಚ, ತ, ಪ ಜಾತಿಯದರ) ಮೇಲೆಯೇ. ಉಚ್ಚಾರದ ತುಂಡಿನ, ಅಂದರೆ ಸಿಲಬಲ್ಲಿನ, ಕೊನೆಯಲ್ಲಿ ಬರುವಂತಿಲ್ಲ. ಮಹಾಪ್ರಾಣಕ್ಕೂ ಹೆಚ್ಚುಕಡಿಮೆ ಇದೇ ನಿಯಮ. ಹಿಂದೆ ಅಂಟುವ ಪ್ರತ್ಯಯಗಳು ಎಷ್ಟೇ ಇರಲಿ, ಅವುಗಳಲ್ಲಿ ಸಿಡಿತ ಕಾಣುವುದಿಲ್ಲ ಅಂದರೂ ನಡೆಯುತ್ತದೆ. ಹಾಗಾಗಿ ಮಾತು ಕೇಳುವಾಗ ಪದದ ತಲೆಯಲ್ಲಿ ಸಿಡಿತ, ಆಮೇಲೆ ಉದ್ದಕ್ಕೆ ಮೆತ್ತಗಿನ ಬಾಲ. ಒತ್ತು ಮಾತ್ರ ಬಾಲದ ಕಡೆ ಇರುತ್ತದೆ. ಕೊನೆಯಿಂದ ಎರಡನೇ ಅಕ್ಷರದ ಮೇಲೆ ಒತ್ತು ಬೀಳಬೇಕು ಅನ್ನುವುದು ಸಾಮಾನ್ಯ ನಿಯಮ. ವಸಿ ಅಂದರೆ ಮನೆ, ಒತ್ತು "ವ" ಮೇಲೆ. ವಸಿಕುನ ಅಂದರೆ ಮನೆಗಳು, ಒತ್ತು "ಕು" ಮೇಲೆ. ವಸಿಕುನಪಿ ಅಂದರೆ ಮನೆಗಳಲ್ಲಿ, ಒತ್ತು "ನ" ಮೇಲೆ. ಪ್ರತ್ಯಯ ಅಂಟಿದ ಹಾಗೆಲ್ಲ ಒತ್ತು ಮುಂದಕ್ಕೆ ನಡೆಯುತ್ತಾ ಹೋಗುತ್ತದೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ’ಪಕಿ ಅಂದರೆ ಮುರಿ. ’ಪಿತಿ ಅಂದರೆ ಹಗ್ಗ ದಾರ ಪಟ್ಟಂತ ಕಡಿ. ’ತುಕ಼್ಯ ಅಂದರೆ ಸಿಡಿ, ಒಡೆ. ಮುರಿಯುವ, ಒಡೆಯುವ, ಹರಿಯುವ ಕೆಲಸಗಳ ಪದಗಳಲ್ಲಿ ಈ ಧ್ವನಿ ಎದ್ದು ಕಾಣುತ್ತದೆ. ಎಲ್ಲ ಸಿಡಿಪದಗಳೂ ಹಾಗಿಲ್ಲ, ಬ್ರೆಡ್ಡಿಗೂ ಸಿಡಿತಕ್ಕೂ ಏನು ಸಂಬಂಧ? ಆದರೂ ಒಂದಷ್ಟು ಪದಗಳು ಹೀಗೆ ಗುಂಪುಗೂಡಿರುವುದು ಸುಮ್ನೆ ಆದದ್ದಲ್ಲ ಅನ್ನಿಸುತ್ತದೆ.

ಈ ಸಿಡಿಧ್ವನಿ ಎಲ್ಲ ಕೆಚುವಾಗಳಲ್ಲೂ ಇಲ್ಲ. ಮುಖ್ಯವಾಗಿ ಇರುವುದು ಕುಸ್ಕೊ ಮತ್ತು ಬೊಲಿವಿಯಾ ಕಡೆ. ಪಕ್ಕದ ಅಯಕುಚೊದಲ್ಲಿ ಬ್ರೆಡ್ಡಿಗೂ ತಂತ ಅನ್ನುತ್ತಾರೆ, ಅಷ್ಟೇ. ಕುಸ್ಕೊಗೆ ಎಲ್ಲಿಂದ ಬಂತು? ನೆರೆಯ ಐಮಾರ ಭಾಷೆಯನ್ನು ನೋಡಿ. ಅದರಲ್ಲೂ ಇದೇ 15, ಇದೇ ಮೂರು ಬಗೆ. ಸಿಡಿಧ್ವನಿ ಇರುವ ಪದಗಳಲ್ಲಿ ಎಷ್ಟೋ ಎರಡೂ ಭಾಷೆಗಳಿಗೆ ಸಮಾನ. ಹಾಗಾಗಿ ಐಮಾರದ ಸಹವಾಸದಿಂದಲೇ ಬಂತು ಅನ್ನುವುದು ಒಂದು ವಾದ. ಮೂಲ ಕೆಚುವಾದಲ್ಲೇ ಇತ್ತು, ಉಳಿದವರು ಕಳೆದುಕೊಂಡರು ಅನ್ನುವುದು ಇನ್ನೊಂದು. ನನಗೆ ಮೊದಲನೆಯದೇ ಹೆಚ್ಚು ನಂಬುವಂತೆ ಕಾಣುತ್ತದೆ. ಕನ್ನಡದ ಸ್ವಂತ ಪದಗಳಲ್ಲಿ ಮಹಾಪ್ರಾಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸಂಸ್ಕೃತ, ಪ್ರಾಕೃತದ ಪದಗಳ ಜೊತೆ ಬಂದು ನಮ್ಮ ಪಟ್ಟಿಯಲ್ಲಿ ಕೂತವು. ಧ್ವನಿಗಳೂ ಪದಗಳ ಜೊತೆ ವಲಸೆ ಬರುತ್ತವೆ ಅನ್ನುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

2013ರಲ್ಲಿ ಕ್ಯಾಲೆಬ್ ಎವರೆಟ್ ಅನ್ನುವವರು ಒಂದು ಲೇಖನ ಬರೆದರು. ಪ್ರಪಂಚದ ಭಾಷೆಗಳನ್ನು ನೋಡಿದರೆ ಸಿಡಿಧ್ವನಿಗಳು ಎತ್ತರದ ಪ್ರದೇಶಗಳಲ್ಲಿ ಜಾಸ್ತಿ, ತೆಳು ಗಾಳಿಗೂ ಇದಕ್ಕೂ ಸಂಬಂಧ ಇರಬಹುದು ಅಂತ. ಪತ್ರಿಕೆಗಳಿಗೆ ಇದು ಹಬ್ಬ. ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಉದಾಹರಣೆ ಸರಿಯಾಗಿಯೇ ಕೂರುತ್ತದೆ. ಆದರೆ ಮಧ್ಯ ಪೆರುವಿನ ಕೆಚುವಾ ಹಳ್ಳಿಗಳೂ ಅಷ್ಟೇ ಎತ್ತರದಲ್ಲಿವೆ. ಅಲ್ಲಿ ಒಂದೂ ಸಿಡಿಯುವುದಿಲ್ಲ. ನೆರೆಮನೆ ಯಾರದ್ದು ಅನ್ನುವುದು ಬೆಟ್ಟದ ಎತ್ತರಕ್ಕಿಂತ ಹೆಚ್ಚು ವಿಷಯ ಹೇಳುತ್ತದೆ ಅಂತ ನನ್ನ ಅನಿಸಿಕೆ.

ಸ್ಪೇನಿನವರು ಬಂದಾಗ ಅವರ ಕಿವಿಗೆ ಇದೆಲ್ಲ ಹೇಗೆ ಕೇಳಿಸಿತು? 1560ರಲ್ಲಿ ದೊಮಿಂಗೊ ದೆ ಸಾಂತೊ ತೊಮಾಸ್ ಅನ್ನುವ ಪಾದ್ರಿ ಕೆಚುವಾದ ಮೊದಲ ಅಚ್ಚಾದ ವ್ಯಾಕರಣವನ್ನು ಸ್ಪೇನಿನ ವಯ್ಯದೊಲಿದ್ ಊರಿನಲ್ಲಿ ಪ್ರಕಟಿಸಿದರು. 1584ರಲ್ಲಿ ಲಿಮಾದಲ್ಲಿ ಅಚ್ಚಾದ ಕ್ರೈಸ್ತ ಬೋಧನೆಯ ಪುಸ್ತಕದಲ್ಲಿ ಕೆಚುವಾ, ಐಮಾರ ಎರಡೂ ಇದ್ದವು. ಇವರು ಸಿಡಿಧ್ವನಿಗಳಿಗೆ ಬೇರೆ ಅಕ್ಷರ ಕೊಡಲಿಲ್ಲ. 1608ರ ತನ್ನ ದೊಡ್ಡ ನಿಘಂಟಿನಲ್ಲಿ ಗೊನ್ಸಾಲೆಸ್ ಹೊಲ್ಗಿನ್ ಅಕ್ಷರಗಳನ್ನು ಜೋಡಿ ಮಾಡಿ ವ್ಯತ್ಯಾಸ ತೋರಿಸಲು ಹೆಣಗಾಡಿದ್ದಾರೆ. ಎಲ್ಲ ಕಡೆ ಒಂದೇ ಸಮ ಇಲ್ಲ, ಆದರೆ ಕಿವಿ ಚುರುಕಾಗಿತ್ತು.

ಇವರೆಲ್ಲರಿಗಿಂತ ಚುರುಕಿನ ಕಿವಿ ಇದ್ದದ್ದು ಇಂಕಾ ಗಾರ್ಸಿಲಾಸೊ ದೆ ಲಾ ವೇಗಾನಿಗೆ. 1539ರಲ್ಲಿ ಕುಸ್ಕೊದಲ್ಲಿ ಹುಟ್ಟಿದವನು. ತಾಯಿ ಇಂಕಾ ಮನೆತನದವಳು, ಅಪ್ಪ ಸ್ಪೇನಿನ ಸೈನ್ಯಾಧಿಕಾರಿ. ಹರೆಯದಲ್ಲಿ ಸ್ಪೇನಿಗೆ ಹೋದವನು ಮತ್ತೆ ಊರಿಗೆ ಬರಲಿಲ್ಲ. 1609ರಲ್ಲಿ ಇಂಕಾಗಳ ಚರಿತ್ರೆ ಪ್ರಕಟಿಸಿದಾಗ ಅವನು ಪುಸ್ತಕದ ಮೊದಲಲ್ಲೇ ಭಾಷೆಯ ಬಗ್ಗೆ ಸೂಚನೆ ಕೊಡುತ್ತಾನೆ. ಕೆಲವು ಅಕ್ಷರಗಳನ್ನು ತುಟಿಯಲ್ಲಿ, ಅಂಗುಳದಲ್ಲಿ, ಗಂಟಲಲ್ಲಿ ಬೇರೆ ಬೇರೆಯಾಗಿ ಹೇಳುತ್ತಾರೆ ಅನ್ನುತ್ತಾನೆ. ಬ, ದ, ಫ, ಗ ಈ ಭಾಷೆಯಲ್ಲಿ ಇಲ್ಲ ಅಂತಲೂ ಹೇಳುತ್ತಾನೆ.

ಅವನು ಕೊಡುವ ಒಂದು ಉದಾಹರಣೆ ಕೇಳಿ. ವ’ಕ ಅಂದರೆ ಪೂಜೆ ಮಾಡುವ ಜಾಗ, ದೇವರ ವಿಗ್ರಹ. ವಕ಼ ಅಂದರೆ ಅಳು. ಒಂದರಲ್ಲಿ ಕೊನೆಯ ಅಕ್ಷರ ಮೇಲೆ ಅಂಗುಳದಲ್ಲಿ, ಇನ್ನೊಂದರಲ್ಲಿ ಗಂಟಲಲ್ಲಿ. ಈ ವ್ಯತ್ಯಾಸ ಗೊತ್ತಾಗದ ಸ್ಪೇನಿನ ಚರಿತ್ರೆಕಾರರು ಏನು ಬರೆದರು ಗೊತ್ತಾ? ಇಂಡಿಯನ್ನರು (ಅಲ್ಲಿನ ಮೂಲನಿವಾಸಿಗಳನ್ನು ಅವರು ಹಾಗೆ ಕರೆಯುತ್ತಿದ್ದರು) ಅಳುತ್ತಾ ದೇವಸ್ಥಾನಕ್ಕೆ ಹೋಗುತ್ತಾರೆ ಅಂತ! ಕಿವಿ ತಪ್ಪಿದ್ದರಿಂದ ಇಲ್ಲದ ಒಂದು ಸಂಪ್ರದಾಯವೇ ಹುಟ್ಟಿಬಿಟ್ಟಿತು. ಗಾರ್ಸಿಲಾಸೊ ಇದನ್ನು ಹೇಳುವಾಗ ಸಿಟ್ಟು ತೋರಿಸುವುದಿಲ್ಲ, ಆದರೆ ಬಿಡುವುದೂ ಇಲ್ಲ. ಸ್ಪೇನಿನವರ ಜೊತೆ ಹಸು ಬಂದ ಮೇಲೆ ಮೂರನೆಯದೂ ಸೇರಿತು. ಸ್ಪ್ಯಾನಿಶ್‌ನಲ್ಲಿ ಹಸುವಿನ ಹೆಸರು ಕೆಚುವಾ ಬಾಯಿಗೆ ಬಂದು ವಕ ಆಯಿತು. ಈಗ ದೇವರು, ಅಳು, ಹಸು ಮೂರೂ ಒಂದು ಕೂದಲೆಳೆಯ ದೂರದಲ್ಲಿವೆ.

ಹಳೆಯ ಕಾಗುಣಿತದಲ್ಲಿ ಇನ್ನೊಂದು ಗುಟ್ಟಿದೆ. ಅವತ್ತಿನ ಬರಹಗಾರರು ಕೆಚುವಾ ಪದಗಳಲ್ಲಿ ಎರಡು ತರಹದ "ಸ" ಬರೆಯುತ್ತಿದ್ದರು, ಮತ್ತು ಯಾವ ಪದಕ್ಕೆ ಯಾವುದು ಅನ್ನುವುದರಲ್ಲಿ ಸಾಕಷ್ಟು ಖಚಿತವಾಗಿದ್ದರು. ಆಗಿನ ಸ್ಪ್ಯಾನಿಶ್‌ನಲ್ಲೂ ಎರಡು ಸಕಾರ ಇದ್ದದ್ದರಿಂದ ಅವರಿಗೆ ಅದು ಕೇಳಿಸಿತು. ಈಗ ಕುಸ್ಕೊದಲ್ಲಿ ಎರಡೂ ಸೇರಿ ಒಂದಾಗಿವೆ. ಊರಿನ ಹೆಸರನ್ನು ಲ್ಯಾಟಿನ್ ಲಿಪಿಯಲ್ಲಿ ಕೆಲವರು ಝಡ್ ಹಾಕಿ, ಕೆಲವರು ಎಸ್ ಹಾಕಿ ಬರೆದು ಜಗಳ ಆಡುವುದರ ಹಿಂದೆ ಸತ್ತುಹೋದ ಒಂದು ಧ್ವನಿ ಇದೆ.

ಈಗ ಸ್ವರಗಳು. ನನ್ನ ಉಪನ್ಯಾಸದ ನಿಜವಾದ ವಿಷಯ ಇದು. ಕುಸ್ಕೊ ಕೆಚುವಾದಲ್ಲಿ ಸ್ವರ ಮೂರೇ: ಅ, ಇ, ಉ. ಹೀಗಂದ ತಕ್ಷಣ ಕುಸ್ಕೊದಲ್ಲಿ ಯಾರಾದರೂ ಎದ್ದು ನಿಲ್ಲುತ್ತಾರೆ. "ಏನ್ರೀ, ನಮ್ಮ ಊರಿನ ಹೆಸರೇ ಕ಼ೊಸ್ಕ಼ೊ. ಅದರಲ್ಲಿ ಒ ಇಲ್ವಾ?" ಅಂತ. ಇದೆ. ಕೇಳಿಸುತ್ತದೆ. ಹಾಗಾದರೆ ಮೂರು ಅನ್ನುವುದು ಹೇಗೆ ಸರಿ?

ಎರಡು ಪದ ನೋಡಿ. ಕಿರು ಅಂದರೆ ಹಲ್ಲು. ಕ಼ಿರು ಅಂದರೆ ಇಂಕಾಗಳ ಕಾಲದಿಂದ ಬಂದಿರುವ, ಬಣ್ಣದ ಚಿತ್ರಗಳಿರುವ ಮರದ ಲೋಟ. ಎರಡನೆಯದನ್ನು ಯಾರೂ ಕ಼ಿರು ಅನ್ನುವುದಿಲ್ಲ, ಕ಼ೆರು ಅನ್ನುತ್ತಾರೆ. ಯಾಕೆ ಅಂತ ನಿಮ್ಮ ಬಾಯಲ್ಲೇ ನೋಡಿಕೊಳ್ಳಬಹುದು. ಕಿರುನಾಲಿಗೆಯ ಜಾಗಕ್ಕೆ ನಾಲಿಗೆ ಎಳೆದುಕೊಂಡು ಕೂಡಲೇ "ಇ" ಅನ್ನಲು ಹೋಗಿ. ನಾಲಿಗೆ ಅಷ್ಟು ದೂರ, ಅಷ್ಟು ಮೇಲೆ ಹೋಗುವಷ್ಟರಲ್ಲಿ ಸೋತುಹೋಗುತ್ತದೆ. "ಎ" ಹತ್ತಿರವೇ ನಿಲ್ಲುತ್ತದೆ. "ಉ" ಕೂಡ ಹಾಗೇ ಇಳಿದು "ಒ" ಆಗುತ್ತದೆ. ನಡುವೆ ನ್ ಅಥವಾ ರ್ ಬಂದರೂ ಕ಼ಕಾರದ ಪ್ರಭಾವ ತಪ್ಪುವುದಿಲ್ಲ. ಬೆಟ್ಟಕ್ಕೆ ಉರ್ಕ಼ು, ಕೇಳಿಸುವುದು ಒರ್ಕ಼ೊ. ಮೂಗಿಗೆ ಸಿನ್ಕ಼, ಕೇಳಿಸುವುದು ಸೆನ್ಕ಼. ಗೋಡೆಗೆ ಪಿರ್ಕ಼, ಕೇಳಿಸುವುದು ಪೆರ್ಕ಼. ಸ್ವಂತ ಪದಗಳಲ್ಲಿ ಕ಼ಕಾರದ ನೆರೆಹೊರೆ ಬಿಟ್ಟು ಎ, ಒ ಕೇಳಿಸುವುದಿಲ್ಲ. ಆ ನೆರೆಹೊರೆಯಲ್ಲಿ ಇ, ಉ ಕೇಳಿಸುವುದಿಲ್ಲ. ಅಂದ ಮೇಲೆ ಅವೆರಡೂ ಬೇರೆ ಸ್ವರಗಳಲ್ಲ, ಒಂದರದೇ ಎರಡು ವೇಷ.

ಇದು ವಿಚಿತ್ರ ಅನ್ನಿಸಿದರೆ ನಮ್ಮ ಸೊನ್ನೆಯನ್ನು ನೆನಪಿಸಿಕೊಳ್ಳಿ. ಅಂಕ, ಅಂಚೆ, ಅಂಟು, ಅಂದ, ಅಂಬು. ಐದು ಪದ, ಒಂದೇ ಸೊನ್ನೆ, ಐದು ಬೇರೆ ಮೂಗಿನ ಧ್ವನಿ. ಅಂಚೆಯಲ್ಲಿ ಞ್ ಬರುತ್ತದೆ, ಅಂಬುವಿನಲ್ಲಿ ಮ್ ಬರುತ್ತದೆ ಅಂತ ನಮಗೆ ಯಾರೂ ಬರೆದು ತೋರಿಸಬೇಕಿಲ್ಲ. ಮುಂದಿನ ಅಕ್ಷರ ನೋಡಿದ ಬಾಯಿ ತಾನೇ ಸರಿ ಮಾಡಿಕೊಳ್ಳುತ್ತದೆ. ಮೂರು ಸ್ವರ ಸಾಕು ಅನ್ನುವವರ ವಾದ ಪೂರ್ತಿ ಇಷ್ಟೇ. ಕ಼ ಬರೆದಿದ್ದೀರಲ್ಲ, ಎ, ಒ ಯಾಕೆ ಮತ್ತೆ ಬರೆಯುತ್ತೀರಿ?

1975ರಲ್ಲಿ ಪೆರು ಸರ್ಕಾರ ಕೆಚುವಾವನ್ನು ಅಧಿಕೃತ ಭಾಷೆ ಮಾಡಿತು. ಲಿಪಿ ವಿಷಯದಲ್ಲಿ ಜಗಳ ಮುಗಿಯಲಿಲ್ಲ. 1985ರಲ್ಲಿ ಶಿಕ್ಷಣ ಇಲಾಖೆ ಮೂರು ಸ್ವರದ ಬರವಣಿಗೆಯನ್ನು ಒಪ್ಪಿತು. ಕುಸ್ಕೊದ ಕೆಚುವಾ ಅಕಾಡೆಮಿ ಒಪ್ಪಲಿಲ್ಲ, ಐದು ಬೇಕು ಅಂತಲೇ ಕೂತಿತು. 1990ರಲ್ಲಿ ಕುಸ್ಕೊ ನಗರಸಭೆ ಊರಿನ ಹೆಸರನ್ನು ಅಧಿಕೃತವಾಗಿ ಕ಼ೊಸ್ಕ಼ೊ ಅಂತ ಬರೆಯಲು ತೀರ್ಮಾನಿಸಿತು, ಎರಡೂ ಕಡೆ ಒ ಹಾಕಿ. ಮೂರು ಸ್ವರದವರ ಲೆಕ್ಕದಲ್ಲಿ ಅದು ಕ಼ುಸ್ಕ಼ು.

ಅಕಾಡೆಮಿಯವರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ನಾವು ಹೇಳುವುದು ಒಂದು, ಬರೆಯುವುದು ಇನ್ನೊಂದು ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆ. ಅದಲ್ಲದೆ ಎರಡೂ ಭಾಷೆ ಆಡುವವರ ಕೆಚುವಾದಲ್ಲಿ ಸ್ಪ್ಯಾನಿಶ್ ಪದಗಳು ತಮ್ಮ ಎ, ಒ ಸಮೇತ ಬಂದು ಕೂತಿವೆ, ಪಕ್ಕದಲ್ಲಿ ಕ಼ ಇಲ್ಲದೆಯೇ. ಆದರೂ ನನ್ನ ಒಲವು ಮೂರರ ಕಡೆಗೇ. ಒಂದು ಕಾರಣ, ಒಂದೇ ಬರವಣಿಗೆ ಬೇರೆ ಬೇರೆ ಊರಿನವರಿಗೆ ಆಗುತ್ತದೆ. ಅಯಕುಚೊದವರು ಕ಼ವನ್ನು ಉಜ್ಜಿ ಹೇಳುತ್ತಾರೆ, ಆಗಲೇ ಹೇಳಿದ ದಖನಿಯ ಖಲಂ ತರಹ. ಈಕ್ವೆಡಾರಿನವರು ಕ಼ವನ್ನು ಬಿಟ್ಟೇಬಿಟ್ಟು ಬರೀ ಕ ಮಾಡಿಕೊಂಡಿದ್ದಾರೆ. ಅದಕ್ಕೇ ಅಲ್ಲಿ ಭಾಷೆಯ ಹೆಸರೂ ಕಿಚ್ವಾ. ಕ಼ ಇಲ್ಲದ ಮೇಲೆ ಸ್ವರ ಇಳಿಯುವುದೂ ಇಲ್ಲ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಐದು ಸ್ವರ ಕೇಳಿಸಿಕೊಳ್ಳುವುದು ಸ್ಪ್ಯಾನಿಶ್ ಕಲಿತ ಕಿವಿ. ಹಳ್ಳಿಯಲ್ಲಿ ಕೆಚುವಾ ಮಾತ್ರ ಆಡುವ ಅಜ್ಜಿಗೆ ಎ ಮತ್ತು ಇ ನಡುವಿನ ವ್ಯತ್ಯಾಸ ಒಂದು ವ್ಯತ್ಯಾಸವೇ ಅಲ್ಲ. ಯಾರ ಭಾಷೆಯನ್ನು ಬರೆಯುತ್ತಿದ್ದೇವೋ ಅವರ ಕಿವಿ ಲೆಕ್ಕಕ್ಕೆ ಬರಬೇಕು ಅಂತ ನನ್ನ ವಾದ.

ಆ ಕಿವಿಯನ್ನು ಪೆರುವಿನ ಪೇಟೆಗಳಲ್ಲಿ ಹೇಗೆ ನಡೆಸಿಕೊಂಡಿದ್ದಾರೆ ನೋಡಿ. ಕೆಚುವಾ ತಾಯಿನುಡಿಯವರು ಸ್ಪ್ಯಾನಿಶ್ ಆಡುವಾಗ ಎ-ಇ, ಒ-ಉ ಅದಲುಬದಲಾಗುತ್ತವೆ. ಮೆಸ ಅಂದರೆ ಮೇಜು, ಮಿಸ ಅಂದರೆ ಚರ್ಚಿನ ಪೂಜೆ. ಪೆಸೊ ಅಂದರೆ ತೂಕ, ಪಿಸೊ ಅಂದರೆ ನೆಲ. ಮೂರು ಸ್ವರದ ಬಾಯಿಗೆ ಇವು ಒಂದೇ. ಇಂಥವರನ್ನು ಮೊಟೊಸೊ ಅಂತ ಗೇಲಿ ಮಾಡುತ್ತಾರೆ. ಹಿಲಾರಿಯಾ ಸುಪಾ ಕುಸ್ಕೊ ಕಡೆಯ ರೈತ ಮಹಿಳೆ. 2006ರಲ್ಲಿ ಅವರೂ ಮರಿಯಾ ಸುಮಿರೆಯೂ ಪೆರು ಸಂಸತ್ತಿನಲ್ಲಿ ಕೆಚುವಾದಲ್ಲಿ ಪ್ರಮಾಣ ವಚನ ತೆಗೆದುಕೊಂಡರು. 2009ರಲ್ಲಿ ಒಂದು ಪತ್ರಿಕೆ ಸುಪಾ ಅವರು ಕೂತಲ್ಲೇ ಗೀಚಿಕೊಂಡ ಸ್ಪ್ಯಾನಿಶ್ ಟಿಪ್ಪಣಿಯ ಫೋಟೊ ತೆಗೆದು, ಕಾಗುಣಿತದ ತಪ್ಪುಗಳನ್ನು ಮುಖಪುಟದಲ್ಲಿ ಹಾಕಿತು. ಭಾಷೆ ಬಲ್ಲವರಿಗೆ ಅದರಲ್ಲಿ ಕಂಡದ್ದು ಅವರ ತಾಯಿನುಡಿಯ ಸ್ವರಪದ್ಧತಿ. ಪತ್ರಿಕೆಗೆ ಕಂಡದ್ದು ಅಜ್ಞಾನ. ಹಕಾರ ಅಕಾರ ಅದಲುಬದಲಾದವರನ್ನು ನಾವು ಬೆಂಗಳೂರಿನಲ್ಲಿ ಹೇಗೆ ಮಿಮಿಕ್ರಿ ಮಾಡಿ ನಗುತ್ತೇವೆ ಅನ್ನುವುದು ನೆನಪಾಗಿ ನನಗೆ ಈ ಸುದ್ದಿ ಓದುವಾಗ ಕಸಿವಿಸಿಯಾಯಿತು.

ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆ.

ಒಬ್ಬರು ಕೇಳಿದರು: ಕೆಚುವಾದಲ್ಲಿ ನಮ್ಮ ತರಹ ಹ್ರಸ್ವ, ದೀರ್ಘ ಇಲ್ವಾ ಸಾರ್? ಕುಸ್ಕೊದಲ್ಲಿ ಇಲ್ಲ. ಮಧ್ಯ ಪೆರುವಿನಲ್ಲಿ ಇದೆ, ಅದೂ ಬಹಳ ಚೆನ್ನಾಗಿದೆ. ಹುವಾನುಕೊ ಕಡೆ ವಸಿ ಅಂದರೆ ಮನೆ, ವಸೀ ಅಂದರೆ ನನ್ನ ಮನೆ. "ನನ್ನ" ಅನ್ನುವುದಕ್ಕೆ ಬೇರೆ ಪ್ರತ್ಯಯವೇ ಬೇಡ, ಸ್ವರ ಎಳೆದರೆ ಸಾಕು. ಇದೊಂದು ವಿಷಯದಲ್ಲಿ ಕನ್ನಡದ ಕಿವಿಗೆ ಸ್ಪ್ಯಾನಿಶ್ ಕಿವಿಗಿಂತ ಲಾಭ ಜಾಸ್ತಿ.

ಇನ್ನೊಬ್ಬರದು ಇಂಥ ಸಭೆಗಳಲ್ಲಿ ತಪ್ಪದೆ ಬರುವ ಪ್ರಶ್ನೆ. ಪ್ರತ್ಯಯಗಳು ಸಾಲಾಗಿ ಅಂಟುತ್ತವೆ, ಕ್ರಿಯಾಪದ ಕೊನೆಗೆ ಬರುತ್ತದೆ, ಹಾಗಾದರೆ ಇದು ದ್ರಾವಿಡದ ನೆಂಟನಾ? ಅಲ್ಲ. ವಾಕ್ಯ ಕಟ್ಟುವ ರೀತಿ ಒಂದೇ ಇದ್ದ ಮಾತ್ರಕ್ಕೆ ನೆಂಟಸ್ತಿಕೆ ಆಗುವುದಿಲ್ಲ. ಟರ್ಕಿಶ್, ಜಪಾನಿ ಭಾಷೆಗಳೂ ಹಾಗೇ ಕಟ್ಟುತ್ತವೆ. ನೆಂಟಸ್ತಿಕೆ ಹೇಳಬೇಕಾದರೆ ಕೈ, ಕಣ್ಣು, ನೀರು, ಎರಡು, ಮೂರು ಇಂಥ ದಿನಬಳಕೆಯ ಪದಗಳಲ್ಲಿ ಧ್ವನಿಗೆ ಧ್ವನಿ ನಿಯಮಬದ್ಧವಾಗಿ ಹೊಂದಬೇಕು. ಕನ್ನಡ, ತಮಿಳಿನ ನಡುವೆ ಹಾಗೆ ಹೊಂದುತ್ತದೆ: ಅಲ್ಲಿ ಪಾಲ್, ಇಲ್ಲಿ ಹಾಲು, ಅಲ್ಲಿ ಪಲ್, ಇಲ್ಲಿ ಹಲ್ಲು. ಕೆಚುವಾದ ಹಲ್ಲು ಕಿರು, ಕಣ್ಣು ಞವಿ, ಕೈ ಮಕಿ, ನೀರು ಉನು. ಇವನ್ನು ನಮ್ಮ ಪದಗಳ ಜೊತೆ ಇಟ್ಟರೆ ಯಾವ ಸಾಲೂ ಕೂಡುವುದಿಲ್ಲ.